ಎಣ್ಣೆ ಕಡಿಮೆ ಹಾಕಿದ ಎಣ್ಣೆಗಾಯಿ: ಅತ್ತೆಯವರನ್ನು ಒಪ್ಪಿಸೋದು ಹೇಗೆ?

ಕೇಶ್ವಾಪುರದ ಸೊಸೆ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ವಾರ ನಮ್ಮ ಯಜಮಾನರ ರಕ್ತ ಪರೀಕ್ಷೆ ರಿಪೋರ್ಟ್ ಬಂತು. ವಯಸ್ಸು 41, ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಆ ಎಲ್‌ಡಿಎಲ್ 162. ಡಾಕ್ಟರ್ ಮಾತ್ರೆ ಬರೆಯಲಿಲ್ಲ. ಮೂರು ತಿಂಗಳು ಊಟ ಸರಿ ಮಾಡಿಕೊಳ್ಳಿ, ದಿನಾ ನಡೆಯಿರಿ, ಆಮೇಲೆ ನೋಡೋಣ ಅಂದರು. ಊಟ ಸರಿ ಮಾಡಿಕೊಳ್ಳೋದು ಅಂದರೆ ಏನು ಅಂತ ಕೇಳಿದೆ. "ಎಣ್ಣೆ ಕಡಿಮೆ, ತರಕಾರಿ ಹಣ್ಣು ಜಾಸ್ತಿ" ಅಂತ ಹೇಳಿ ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಮನೆಯಲ್ಲಿ ಐದು ಜನ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ತಿಂಗಳಿಗೆ ಎಂಟು ಲೀಟರ್ ಎಣ್ಣೆ ಬೇಕು. ಹಬ್ಬ ಬಂದರೆ ಹತ್ತು. ಪಲ್ಯ ದಿನಾ ಇರುತ್ತದೆ, ಇಲ್ಲ ಅಂತಲ್ಲ. ಆದರೆ ಬಟ್ಟಲಿನ ಅಂಚಿಗೆ ಕೆಂಪಗೆ ಎಣ್ಣೆ ಬಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಅದು ಪಲ್ಯವೇ ಅಲ್ಲ. ಮಂಗಳವಾರ ಧೈರ್ಯ ಮಾಡಿ ಎಣ್ಣೆಗಾಯಿಗೆ ಅರ್ಧದಷ್ಟೇ ಎಣ್ಣೆ ಹಾಕಿದೆ. ಬದನೆಕಾಯಿ ತಳ ಹಿಡಿಯಿತು. ಸಿಪ್ಪೆ ಚಪ್ಪಲಿ ಥರ ಆಯಿತು. ಮಸಾಲೆ ಹಸಿ ವಾಸನೆ. ಅತ್ತೆ ತಾಟಿನ ಕಡೆ ನೋಡಿ, "ಎಣ್ಣಿ ಇಲ್ಲದ್ದು ಎಣ್ಣಿಗಾಯಿ ಹೆಂಗಾಗ್ತದವಾ? ನೀರಗಾಯಿ ಅನ್ನು" ಅಂದರು. ಯಜಮಾನರು ಏನೂ ಅನ್ನಲಿಲ್ಲ. ಸುಮ್ನೆ ಶೇಂಗಾ ಹಿಂಡಿ ಹಾಕಿಕೊಂಡು, ಅದರ ಮೇಲೆ ಎರಡು ಚಮಚ ಎಣ್ಣೆ ಸುರಿದುಕೊಂಡು ನಾಲ್ಕು ರೊಟ್ಟಿ ತಿಂದರು. ನಾನು ಉಳಿಸಿದ ಎಣ್ಣೆ ಅಲ್ಲಿಗೆ ಹೋಯಿತು.

ಹಣ್ಣಿನದು ಬೇರೆ ಕಥೆ. ತರುತ್ತೇನೆ, ಬುಟ್ಟಿಯಲ್ಲಿ ಚಂದ ಜೋಡಿಸುತ್ತೇನೆ, ನಾಲ್ಕನೇ ದಿನ ಕಪ್ಪಾದ ಬಾಳೆಹಣ್ಣು ನಾನೇ ತಿನ್ನುತ್ತೇನೆ.

ಓಟ್ಸ್, ಆಲಿವ್ ಎಣ್ಣೆ, ಬ್ರೊಕೊಲಿ ಅಂತ ದಯವಿಟ್ಟು ಹೇಳಬೇಡಿ. ಅವು ಯಾವುವೂ ನಮ್ಮ ಮನೆಯ ಹೊಸ್ತಿಲು ದಾಟಲ್ಲ. ರೊಟ್ಟಿ ಪಲ್ಯದಲ್ಲೇ ಏನು ಮಾಡಬಹುದು?

ರೊಟ್ಟಿಬುಟ್ಟಿ · 9:52

ಅತ್ತೆಯವರು ಹೇಳಿದ್ದರಲ್ಲಿ ತಪ್ಪೇನಿದೆ? ಹೆಸರಲ್ಲೇ ಎಣ್ಣೆ ಇದೆ ಅಲ್ವಾ.

ಮಾಳಮಡ್ಡಿ ಮನೆ · 10:15

ತಂಗಿ, ನೀನು ಎಣ್ಣೆ ಕಡಿಮೆ ಮಾಡಿದ್ದು ಸರಿ. ಆದರೆ ಎಣ್ಣೆ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಿಗೂ ಒಪ್ಪಿಸಲಿಲ್ಲ. ಅದಕ್ಕೇ ಕೆಟ್ಟಿತು.

ಬದನೆಕಾಯಿ ಒಳಗೆ ಸ್ಪಂಜಿನ ಹಾಗೆ ಗಾಳಿ ತುಂಬಿಕೊಂಡಿರುತ್ತದೆ. ಹಸಿಯಾಗಿ ಎಣ್ಣೆಗೆ ಬಿಟ್ಟರೆ ಹಾಕಿದಷ್ಟೂ ಕುಡಿಯುತ್ತದೆ. ಅದಕ್ಕೇ ಮೊದಲು ಉಗಿಯಲ್ಲಿ ಸ್ವಲ್ಪ ಮೆತ್ತಗೆ ಮಾಡಿಕೊಳ್ಳಬೇಕು. ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ, ಉಪ್ಪು ಸವರಿ, ಇಡ್ಲಿ ಪಾತ್ರೆಯಲ್ಲಿ ಐದಾರು ನಿಮಿಷ ಇಡು. ಪೂರ್ತಿ ಬೇಯಬಾರದು, ಬೆರಳಿಗೆ ಒತ್ತಿದರೆ ತಗ್ಗಬೇಕು ಅಷ್ಟೇ. ಆಮೇಲೆ ಮಸಾಲೆ ತುಂಬು.

ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆಗೆ ಒಗ್ಗರಣೆ ಹಾಕಿ, ಕಾಯಿಗಳನ್ನು ಒಂದರ ಪಕ್ಕ ಒಂದು ಕೂರಿಸಿ, ಉಳಿದ ಮಸಾಲೆ ಮೇಲೆ ಹರಡು. ಈಗ ಮುಖ್ಯ ಕೆಲಸ. ಮೇಲೆ ತಾಟು ಮುಚ್ಚಿ, ಆ ತಾಟಿನಲ್ಲಿ ಒಂದು ಲೋಟ ನೀರು ಹಾಕು. ಉರಿ ಸಣ್ಣಗಿರಲಿ. ಒಳಗಿನ ಉಗಿ ತಣ್ಣನೆಯ ತಾಟಿಗೆ ತಾಗಿ ಹನಿಯಾಗಿ ಮತ್ತೆ ಕಾಯಿ ಮೇಲೆ ಬೀಳುತ್ತದೆ. ತಳ ಹಿಡಿಯಲ್ಲ. ರಸ ಬೇಕಾದರೆ ತಾಟಿನ ಬಿಸಿ ನೀರನ್ನೇ ಒಳಗೆ ಬಗ್ಗಿಸಬಹುದು. ತಣ್ಣೀರು ಸುರಿದರೆ ರುಚಿ ಹೋಗುತ್ತದೆ. ನಮ್ಮ ಅವ್ವ ಒಲೆಯ ಮೇಲೆ ಹೀಗೇ ಮಾಡುತ್ತಿದ್ದಳು. ಆಗ ಎಣ್ಣೆ ತುಟ್ಟಿ ಇತ್ತು, ಎಲ್‌ಡಿಎಲ್ ಯಾರಿಗೆ ಗೊತ್ತಿತ್ತು?

ನಿಮ್ಮ ಅತ್ತೆಯವರಿಗೂ ಈ ಪದ್ಧತಿ ಗೊತ್ತಿರುತ್ತದೆ. ಕೇಳಿ ನೋಡು. ನೀನು ಕಲಿಸಲು ಹೋಗಬೇಡ, ಅವರಿಂದ ಕಲಿತ ಹಾಗೆ ಮಾಡು.

ಕೇಶ್ವಾಪುರದ ಸೊಸೆ · 10:21

ಅಕ್ಕಾರ, ಕೊನೆಯ ಸಾಲಿಗೆ ಕೈ ಮುಗಿದೆ.

ಗಾಣದ ಎತ್ತು · 10:34

ಎಣ್ಣೆ ಕಡಿಮೆ ಮಾಡುವುದಲ್ಲ, ಎಣ್ಣೆ ಬದಲಾಯಿಸಿ. ಪ್ಯಾಕೆಟ್ ಎಣ್ಣೆ ಬಿಟ್ಟು ಗಾಣದ ಕುಸುಬಿ ಎಣ್ಣೆ ಅಥವಾ ಶೇಂಗಾ ಎಣ್ಣೆ ತನ್ನಿ. ಆಮೇಲೆ ಎಷ್ಟು ಬೇಕಾದರೂ ಹಾಕಿ. ನಮ್ಮ ಅಜ್ಜ ಹಿಂಡಿಗೆ ಬಟ್ಟಲು ಎಣ್ಣೆ ಹಾಕಿಕೊಂಡು 88 ವರ್ಷ ಬದುಕಿದ.

ಗದಗಿನ ಲೆಕ್ಕದ ಮಾಸ್ತರ · 10:58

"ಎಷ್ಟು ಬೇಕಾದರೂ ಹಾಕಿ" ಅನ್ನೋದನ್ನು ಒಪ್ಪಲ್ಲ. ಗಾಣದ್ದಾಗಲಿ ಪ್ಯಾಕೆಟ್ಟಿನದಾಗಲಿ, ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ. ಗಾಣದ ಎಣ್ಣೆಗೆ ವಾಸನೆ ಚಲೋ, ರುಚಿ ಚಲೋ, ಅದಕ್ಕೇ ಕಡಿಮೆ ಹಾಕಿದರೂ ಸಾಲುತ್ತದೆ ಅನ್ನಿ, ಒಪ್ಪುತ್ತೇನೆ. ನಿಮ್ಮ ಅಜ್ಜ ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದರು, ಎಷ್ಟು ಎಕರೆ ಕುಂಟೆ ಹೊಡೆಯುತ್ತಿದ್ದರು ಅದನ್ನೂ ಬರೆಯಿರಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿದೆ. 2000 ಕ್ಯಾಲರಿ ಊಟದ ತಟ್ಟೆಗೆ ಅವರು ಹೇಳಿದ್ದು ದಿನಕ್ಕೆ 27 ಗ್ರಾಂ ಎಣ್ಣೆ ತುಪ್ಪ ಎಲ್ಲ ಸೇರಿ. ತಂಗ್ಯವ್ವನ ಮನೆಯ ಲೆಕ್ಕ ಹಾಕೋಣ. 27 ಗ್ರಾಂ, ಐದು ಜನ, 30 ದಿನ. 4050 ಗ್ರಾಂ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಹೆಚ್ಚೂಕಡಿಮೆ ನಾಲ್ಕೂವರೆ ಲೀಟರ್. ನಿಮ್ಮಲ್ಲಿ ಎಂಟು. ಒಮ್ಮೆಲೇ ಅರ್ಧಕ್ಕೆ ಇಳಿಸಬೇಡಿ, ತಿಂಗಳಿಗೆ ಒಂದು ಲೀಟರ್ ಇಳಿಸಿ. ಡಬ್ಬಿಯಿಂದ ನೇರ ಬಗ್ಗಿಸುವುದನ್ನು ಬಿಟ್ಟು ಚಮಚ ಇಟ್ಟುಕೊಳ್ಳಿ. ಬಗ್ಗಿಸುವ ಕೈಗೆ ಲೆಕ್ಕ ಇರಲ್ಲ.

ಅದೇ ತಟ್ಟೆಯಲ್ಲಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ. ಆ 400ರಲ್ಲಿ ಆಲೂಗಡ್ಡೆ ಹಿಡಿಯಬೇಡಿ.

ಹಳೇ ಹುಬ್ಬಳ್ಳಿ ಹುಡುಗ · 11:07

ಒಬ್ಬರಿಗೆ 400 ಗ್ರಾಂ ಅಂದರೆ ಐದು ಜನಕ್ಕೆ ದಿನಕ್ಕೆ 2 ಕಿಲೋ ತರಕಾರಿ. ತಿಂಗಳಿಗೆ 60 ಕಿಲೋ. ಮಾಸ್ತರ್ರೆ, ನಿಮ್ಮ ಪಗಾರ ಎಷ್ಟು?

ಗದಗಿನ ಲೆಕ್ಕದ ಮಾಸ್ತರ · 11:12

ಪಿಂಚಣಿ.

ಸಂತಿಚೀಲ · 11:30

ಹುಡುಗಾ, ಬೀನ್ಸ್ ಕ್ಯಾಪ್ಸಿಕಂ ಲೆಕ್ಕದಲ್ಲಿ 60 ಕಿಲೋ ಅಂದರೆ ಎದೆ ಒಡೆಯುತ್ತದೆ, ಖರೆ. ಮೂಲಂಗಿ, ಸವತಿಕಾಯಿ, ಕುಂಬಳಕಾಯಿ, ಹೀರೆಕಾಯಿ, ಮೆಂತ್ಯೆ ಕಟ್ಟು ಅಂತ ಲೆಕ್ಕ ಹಾಕು. ಒಂದು ದೊಡ್ಡ ಸವತಿಕಾಯಿಯೇ ಕಾಲು ಕಿಲೋ ತೂಗುತ್ತದೆ. ಧಾರವಾಡದ ಮಂಗಳವಾರದ ಸಂತೆಗೆ ಸಂಜೆ ಏಳರ ಮೇಲೆ ಹೋಗು, ಎದ್ದು ಹೋಗುವ ಅವಸರದಲ್ಲಿ ಮೂರು ಕಟ್ಟು ಕೊಡುವ ದುಡ್ಡಿಗೆ ಐದು ಕಟ್ಟು ಕೊಡುತ್ತಾರೆ. ಬಾಡಿರುತ್ತದೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆಗೆ ಎದ್ದು ಕೂರುತ್ತದೆ.

ಹುಬ್ಬಳ್ಳಿಯಲ್ಲಾದರೆ ಜನತಾ ಬಜಾರಿಗೆ ಹೋಗು. ಮನೆ ಬಾಗಿಲಿಗೆ ಬರುವ ಗಾಡಿಯವರ ಜೊತೆ ಚೌಕಾಸಿಗೆ ನನಗೆ ಮನಸ್ಸು ಬರಲ್ಲ, ಅದು ಬೇರೆ ಮಾತು.

ನರಗುಂದದ ಎರೆಮಣ್ಣು · ಸೋಮವಾರ, ಬೆಳಿಗ್ಗೆ 6:20

ರಾತ್ರಿಯೆಲ್ಲ ಎಣ್ಣೆಗಾಯಿ ಮೇಲೇ ಮಾತಾಡಿದ್ದೀರಿ. ನನಗೆ ಅನ್ನಿಸೋದು ತೊಂದರೆ ಎಣ್ಣೆಗಾಯಿಯದ್ದಲ್ಲ. ತಾಟಿನ ಬಲಗಡೆ ಖಾಲಿ ಆಗಿದೆ, ಅದು.

ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ರೊಟ್ಟಿ ಪಲ್ಯದ ಜೊತೆ ಒಂದು ಬುಟ್ಟಿ ನಡುವೆ ಇಡುತ್ತಿದ್ದರು. ಅದರಲ್ಲಿ ಏನೂ ಅಡುಗೆ ಮಾಡಿದ್ದಿಲ್ಲ. ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ಎಲೆ ಸಮೇತ, ಗಜ್ಜರಿ, ಎಳೆ ಸವತಿಕಾಯಿ, ಹಿಂಗಾರಿ ದಿನಗಳಲ್ಲಿ ಎಳೆ ಕುಸುಬಿ ತಪ್ಪಲು ಮತ್ತು ಹಕ್ಕರಕಿ. ಹಕ್ಕರಕಿಯನ್ನು ಯಾರೂ ಬಿತ್ತುತ್ತಿರಲಿಲ್ಲ, ಜೋಳದ ಹೊಲದಲ್ಲಿ ಕಳೆಯಾಗಿ ಬರುತ್ತಿತ್ತು. ಚಿವುಟಿದರೆ ಹಾಲು ಬರುತ್ತದೆ, ನಾಲಿಗೆಗೆ ಸ್ವಲ್ಪ ಕಹಿ. ಒಂದು ತುತ್ತು ರೊಟ್ಟಿ ಎಣ್ಣೆಗಾಯಿ, ಮೇಲೆ ಒಂದು ಹಿಡಿ ತಪ್ಪಲು. ಖಾರ ಜಾಸ್ತಿ ಆದರೆ ಇನ್ನೊಂದು ಹಿಡಿ. ಬುಟ್ಟಿ ಖಾಲಿ ಆಗುವ ತನಕ ಯಾರೂ ಏಳುತ್ತಿರಲಿಲ್ಲ.

ಈಗ? ಪೇಟೆಯ ಮನೆಗಳಲ್ಲಿ ನೋಡುತ್ತೇನೆ. ಐದು ರೊಟ್ಟಿಗೆ ಎರಡು ಚಮಚ ಪಲ್ಯ, ಅದನ್ನೂ ರೊಟ್ಟಿಗೆ ಮುಲಾಮಿನ ಹಾಗೆ ಸವರಿಕೊಂಡು ತಿನ್ನುತ್ತಾರೆ. ಬದಿಗೆ ನಾಲ್ಕು ಬಿಲ್ಲೆ ಉಳ್ಳಾಗಡ್ಡಿ. ಇಷ್ಟಕ್ಕೇ ತರಕಾರಿ ತಿಂದೆವು ಅಂತ ಲೆಕ್ಕ.

ಅಕ್ಕಾರ, ಎಣ್ಣೆಗಾಯಿ ನಿಮ್ಮ ಅತ್ತೆ ಮಾಡಿದ ಹಾಗೇ ಇರಲಿ. ಒಂದು ಕಾಯಿ ತಿನ್ನಿ. ಬುಟ್ಟಿ ವಾಪಸ್ ತನ್ನಿ.

ರೊಟ್ಟಿಬುಟ್ಟಿ · 6:41

ಇದು ಮಾತು.

ಮುಂಡರಗಿ ಮಲ್ಲಿಗೆ · 7:05

ಹಕ್ಕರಕಿ ಅಲ್ಲ, ಹತ್ತರಕಿ.

ನರಗುಂದದ ಎರೆಮಣ್ಣು · 7:09

ನಮ್ಮಲ್ಲಿ ಹಕ್ಕರಕಿ.

ಮುಂಡರಗಿ ಮಲ್ಲಿಗೆ · 7:10

ನಮ್ಮಲ್ಲಿ ಹತ್ತರಕಿ. ಅಜ್ಜಿಯನ್ನು ಕೇಳಿಯೇ ಬರೆದಿದ್ದೇನೆ.

ಸಂತಿಚೀಲ · 7:22

ಎರಡೂ ಅನ್ನುತ್ತಾರೆ. ಮಾರುವ ಅಜ್ಜಿ "ತಗೋ ಯವ್ವಾ ಪಲ್ಲೆ" ಅನ್ನುತ್ತಾಳೆ. ಜಗಳ ಮುಗಿಯಿತು.

ಉಣಕಲ್ ದಂಡೆ · 8:15

ಬುಟ್ಟಿ ಚಂದ. ಆದರೆ ಒಂದು ಮಾತು ಹೇಳಲೇಬೇಕು. ಹುಬ್ಬಳ್ಳಿ ಧಾರವಾಡದ ಸುತ್ತ ಕೆಲವು ಹೊಲಗಳಿಗೆ ಊರಿನ ಗಟಾರದ ನೀರನ್ನೇ ಪಂಪ್ ಹಚ್ಚಿ ಹಾಯಿಸುತ್ತಾರೆ. ಇದೇನು ಗುಟ್ಟಲ್ಲ, ವರ್ಷಗಳಿಂದ ನಡೆದಿದೆ. ಬೇಯಿಸಿದರೆ ಚಿಂತೆ ಕಡಿಮೆ, ಹಸಿ ತಿಂದರೆ ಹೊಟ್ಟೆ ಕೆಡುತ್ತದೆ. ಎರಡು ವರ್ಷದ ಹಿಂದೆ ನನ್ನ ಮಗಳು ಹಸಿ ಮೆಂತ್ಯೆ ತಿಂದು ಮೂರು ದಿನ ಮಲಗಿದ್ದಳು. ಆವತ್ತು ಅವಸರದಲ್ಲಿ ಕಟ್ಟು ಬಿಚ್ಚದೆ ನಳದ ಕೆಳಗೆ ಹಿಡಿದು ತೆಗೆದಿದ್ದೆ, ತಪ್ಪು ನನ್ನದೇ.

ಈಗ ಮಾಡೋದು ಹೀಗೆ: ಬೇರು ಕತ್ತರಿಸಿ, ಕಟ್ಟು ಬಿಚ್ಚಿ, ದೊಡ್ಡ ಬೋಗುಣಿಯಲ್ಲಿ ಮುಳುಗಿಸಿ ಅಲ್ಲಾಡಿಸಿ ಬಿಡುತ್ತೇನೆ. ಮಣ್ಣು ತಳಕ್ಕೆ ಕೂರುತ್ತದೆ. ಸೊಪ್ಪನ್ನು ಮೇಲಿಂದ ಎತ್ತಬೇಕು. ನೀರನ್ನು ಸೊಪ್ಪಿನ ಸಮೇತ ಬಗ್ಗಿಸಿದರೆ ಅದೇ ಮಣ್ಣು ಮತ್ತೆ ಅದರ ಮೇಲೇ. ಹೀಗೆ ಮೂರು ಸಲ, ಆಮೇಲೆ ಹರಿಯುವ ನೀರಲ್ಲಿ ಒಂದು ಸಲ. ಉಪ್ಪು ನೀರಲ್ಲಿ ನೆನೆಸಿದರೆ ಎಲ್ಲ ಹೋಯಿತು ಅಂತ ತಿಳಿಯಬೇಡಿ. ಹುಳ ಹೊರಗೆ ಬರುತ್ತವೆ, ರೋಗಾಣು ಎಲ್ಲ ಸಾಯಲ್ಲ.

ರಾಣೆಬೆನ್ನೂರ ಬೀಜ · 8:50

ತರಕಾರಿ ಅಂದ ಮೇಲೆ ನಮ್ಮನ್ನು ಬಿಡೋದು ಹೇಗೆ? ನಮ್ಮ ಕಡೆ ಬೆಂಡೆ, ಟೊಮೆಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜದ ಪ್ಲಾಟ್ ಮಾಡುತ್ತಾರೆ. ಹೆಣ್ಣುಮಕ್ಕಳು ಸಂಜೆ ಒಂದೊಂದೇ ಮೊಗ್ಗು ಬಿಡಿಸಿ ಗಂಡು ಭಾಗ ಚಿಮಟದಿಂದ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸುತ್ತಾರೆ. ನೀವು ಹತ್ತು ಗ್ರಾಂ ಬೀಜದ ಪಾಕೀಟು ಹರಿದು ಬಿತ್ತುವಾಗ ಆ ಬೆರಳುಗಳನ್ನು ನೆನೆಸಿಕೊಳ್ಳಿ. ವಿಷಯಕ್ಕೆ ಸಂಬಂಧ ಇಲ್ಲ, ಗೊತ್ತು.

ಸಂಬಂಧ ಇರುವ ಮಾತು: ಬೆಂಡೆಕಾಯಿ ಲೋಳೆ ಅಂತ ಎಣ್ಣೆ ಸುರಿದು ಹುರಿಯುತ್ತೀರಿ. ಬೇಕಿಲ್ಲ. ತೊಳೆದು, ಬಟ್ಟೆಯಿಂದ ಪೂರ್ತಿ ಒರೆಸಿ, ಆಮೇಲೆ ಹೆಚ್ಚಿ. ಅಗಲ ಪಾತ್ರೆಯಲ್ಲಿ ಮುಚ್ಚದೆ ಹುರಿದು ಉಪ್ಪು ಕೊನೆಗೆ ಹಾಕಿ. ಒಂದು ಚಮಚ ಎಣ್ಣೆಯಲ್ಲಿ ಆಗುತ್ತದೆ.

ಬ್ಯಾಡಗಿ ಕೆಂಪು · 9:35

ನಾನು ಮೆಣಸಿನಕಾಯಿ ಊರಿನವಳು, ಬಣ್ಣದ ಗುಟ್ಟು ಹೇಳುತ್ತೇನೆ. ಅತ್ತೆಯವರಿಗೆ ನಿಜವಾಗಿ ಬೇಕಾಗಿರೋದು ಎಣ್ಣೆ ಅಲ್ಲ, ಆ ಕೆಂಪು. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಲ್ಲಿ ಅಲ್ಲ. ನೀವು ಖಾರಪುಡಿಯನ್ನು ನೀರು ಹಾಕಿದ ಮೇಲೆ ಹಾಕುತ್ತೀರಾ? ಹಾಗೆ ಹಾಕಿದರೆ ಮಂಕಾಗುತ್ತದೆ. ಒಗ್ಗರಣೆ ಆದ ಮೇಲೆ ಉರಿ ಆರಿಸಿ, ಹತ್ತು ಎಣಿಸುವ ತನಕ ನಿಂತು, ಆಗ ಬ್ಯಾಡಗಿ ಪುಡಿ ಹಾಕಿ ಕೈಯಾಡಿಸಿ. ಕುದಿಯುವ ಎಣ್ಣೆಗೆ ಹಾಕಿದರೆ ಸುಟ್ಟು ಕಪ್ಪಾಗುತ್ತದೆ. ಎರಡು ಚಮಚ ಎಣ್ಣೆ ಕುಂಕುಮದ ಥರ ಆಗುತ್ತದೆ. ಅದರಲ್ಲಿ ಅರ್ಧವನ್ನು ತೆಗೆದಿಟ್ಟು, ಬಡಿಸುವ ಮುಂಚೆ ಮೇಲೆ ಬಿಡಿ. ಬಟ್ಟಲಲ್ಲಿ ಎಣ್ಣೆ ತೇಲಿದ ಹಾಗೇ ಕಾಣುತ್ತದೆ.

ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಅದಕ್ಕೇ 2011ರಲ್ಲಿ ಜಿಐ ಗುರುತು, ಅಂದರೆ ಊರಿನ ಹೆಸರಿನ ಬೆಳೆಗೆ ಕೊಡುವ ಸರ್ಕಾರಿ ಮಾನ್ಯತೆ, ಸಿಕ್ಕಿದ್ದು. ಗುಂಟೂರಿನ ಪುಡಿಯಲ್ಲಿ ಈ ಆಟ ಆಡಲು ಹೋಗಿ ಮನೆ ಮಂದಿಯನ್ನು ಅಳಿಸಬೇಡಿ.

ಹಳೇ ಹುಬ್ಬಳ್ಳಿ ಹುಡುಗ · 9:41

ಇದು ಅಡುಗೆ ಅಲ್ಲ, ಕಣ್ಕಟ್ಟು.

ಬ್ಯಾಡಗಿ ಕೆಂಪು · 9:44

ಅಡುಗೆಯಲ್ಲಿ ಅರ್ಧ ಅದೇ ತಮ್ಮಾ.

ಗಾಣದ ಎತ್ತು · 10:02

ಎಣ್ಣೆಗಾಯಿ ಮಸಾಲೆಗೆ ಹಾಕುವ ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ ಲೆಕ್ಕ ಯಾರೂ ಹೇಳಲಿಲ್ಲ. ಶೇಂಗಾದಲ್ಲೇ ಹತ್ತಿರ ಹತ್ತಿರ ಅರ್ಧ ಎಣ್ಣೆ. ಮಾಸ್ತರರು ನನ್ನನ್ನು ಮಾತ್ರ ಹಿಡಿದರು.

ಗದಗಿನ ಲೆಕ್ಕದ ಮಾಸ್ತರ · 10:20

ಈ ಸಲ ನೀವು ಹೇಳಿದ್ದು ಸರಿ. ಆದರೆ ಶೇಂಗಾ ಜೊತೆ ನಾರು, ಪ್ರೋಟೀನ್ ಕೂಡ ಬರುತ್ತದೆ, ಬರೀ ಎಣ್ಣೆಯಲ್ಲಿ ಅವು ಇಲ್ಲ. ನನ್ನ ಸಲಹೆ: ಶೇಂಗಾ ಇರಲಿ, ಒಣಕೊಬ್ಬರಿ ಕಡಿಮೆ ಮಾಡಿ. ಎಲ್‌ಡಿಎಲ್ ಏರಿಸುವ ಜಾತಿಯ ಕೊಬ್ಬು ಕೊಬ್ಬರಿಯಲ್ಲೇ ಜಾಸ್ತಿ. ಹಿಂಡಿಗೆ ಎಣ್ಣೆ ಬದಲು ಮೊಸರು ಕಲಸಿ ನೋಡಿ. ಅಗಸಿ ಹಿಂಡಿಗಂತೂ ಮೊಸರೇ ಚಲೋ.

ವಿದ್ಯಾನಗರ ಹಾಸ್ಟೆಲ್ · 10:31

ಎಣ್ಣೆ ಪ್ಯಾಕೆಟ್ ಮೇಲೆ ಕೊಲೆಸ್ಟ್ರಾಲ್ ಫ್ರೀ ಅಂತ ದೊಡ್ಡದಾಗಿ ಹಾಕಿರುತ್ತಾರಲ್ಲ, ಅದು?

ಗದಗಿನ ಲೆಕ್ಕದ ಮಾಸ್ತರ · 10:33

ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಲೆಕ್ಕಕ್ಕೆ ಬರುವಷ್ಟು ಇರಲ್ಲ. ಬಾಳೆಹಣ್ಣಿಗೆ ಎಲುಬಿಲ್ಲ ಅಂತ ಬೋರ್ಡ್ ಹಾಕಿದ ಹಾಗೆ.

ನವಲೂರ ಪೇರಲ · 12:10

ಹಣ್ಣಿನ ವಿಷಯಕ್ಕೆ ಯಾರೂ ಬರಲೇ ಇಲ್ಲ. ಎಲ್ಲರಿಗೂ ಬದನೆಕಾಯಿ ಚಿಂತೆ.

ಸೇಬು ಯಾಕೆ ತರುತ್ತೀರಿ? ಎಲ್ಲಿಂದಲೋ ಬಂದು, ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಕೂತು, ಮೇಣ ಹಚ್ಚಿಸಿಕೊಂಡು ಬರುವ ಹಣ್ಣು. ನಮ್ಮ ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ, ಪೇರಲ ತನ್ನಿ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಜಾಸ್ತಿ ವಿಟಮಿನ್ ಸಿ. ಕಿತ್ತಳೆಯ ನಾಲ್ಕರಷ್ಟು. ಮಕ್ಕಳಿಗೆ ಇಡೀ ಹಣ್ಣು ಕೈಗೆ ಕೊಟ್ಟರೆ ತಿನ್ನಲ್ಲ. ಸಾಲಿಯಿಂದ ಬಂದು ಬ್ಯಾಗ್ ಎಸೆಯುವ ಹೊತ್ತಿಗೆ ಹೋಳು ಮಾಡಿ, ಚಿಟಿಕೆ ಉಪ್ಪು ಖಾರ ಹಚ್ಚಿ ಟಿವಿ ಮುಂದೆ ಇಡಿ, ಏನೂ ಹೇಳಬೇಡಿ. ಹತ್ತು ನಿಮಿಷ ಬಿಟ್ಟು ತಾಟು ನೋಡಿ.

ಜ್ಯೂಸ್ ಮಾತ್ರ ಮಾಡಬೇಡಿ. ನಾಲ್ಕು ಹಣ್ಣಿನ ಸಕ್ಕರೆ ಒಂದೇ ಲೋಟದಲ್ಲಿ, ನಾರು ಎಲ್ಲ ಜರಡಿಯಲ್ಲಿ.

ರೊಟ್ಟಿಬುಟ್ಟಿ · 12:18

ನಮ್ಮ ಮನೆಯಲ್ಲಿ ಹಣ್ಣು ಅಂದರೆ ಸೀಕರಣಿ. ಆರು ಮಾವು, ಒಂದು ಬಟ್ಟಲು ಸಕ್ಕರೆ, ಹಾಲು, ಯಾಲಕ್ಕಿ. ಜೊತೆಗೆ ಹೋಳಿಗೆ. ಇದನ್ನು 100 ಗ್ರಾಂ ಹಣ್ಣಿನ ಲೆಕ್ಕಕ್ಕೆ ಹಿಡಿಯಬಹುದಾ ಮಾಸ್ತರ್ರೆ?

ಗದಗಿನ ಲೆಕ್ಕದ ಮಾಸ್ತರ · 12:26

ಹೋಳಿಗೆ ಕಳುಹಿಸಿ, ತಿಂದು ಲೆಕ್ಕ ಹೇಳುತ್ತೇನೆ.

ಹಾನಗಲ್ ತೋಟ · 12:50

ಮಾವು ಬಂತಲ್ಲ, ಹೇಳಿಬಿಡುತ್ತೇನೆ. ಸೀಸನ್ ಶುರುವಿಗೆ ಅವಸರ ಬೀಳಬೇಡಿ. ಮೇಲೆ ಒಂದೇ ಸಮ ಹಳದಿ, ಒಳಗೆ ಹುಳಿ, ಮೂಗಿಗೆ ಹಿಡಿದರೆ ಪರಿಮಳವೇ ಇಲ್ಲ, ಅಂಥ ಹಣ್ಣು ಅನುಮಾನದ್ದು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಿಷೇಧ ಇದೆ, ಆದರೂ ಹಾಕುವವರಿದ್ದಾರೆ. ಇಥಿಲೀನ್ ಅನಿಲಕ್ಕೆ ಒಂದು ಮಿತಿಯೊಳಗೆ ಅನುಮತಿ ಇದೆ, ಅದು ಹಣ್ಣು ತಾನೇ ಬಿಡುವ ಅನಿಲವೇ. ಚಲೋ ಬಲಿತ ಕಾಯಿ ತಂದು ಮನೆಯಲ್ಲೇ ಹುಲ್ಲಲ್ಲಿ ಇಡಿ. ಹುಲ್ಲಿಲ್ಲದಿದ್ದರೆ ಅಕ್ಕಿ ಡಬ್ಬಿ.

ಕಲಘಟಗಿ ದಾರಿ · 1:35

ಮಧ್ಯೆ ಬರುತ್ತೇನೆ. ಈ ಚರ್ಚೆ ಓದಿ ಎಲ್ಲರೂ ನಾಳೆಯಿಂದ ಸೊಪ್ಪು ಹಣ್ಣು ಅಂತ ಶುರು ಮಾಡುತ್ತಾರೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಮಾಡಬೇಡಿ. ನಮ್ಮ ಅಪ್ಪನಿಗೆ ಪೊಟ್ಯಾಸಿಯಂ ಏರಿ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ದೇವೆ. ಬಾಳೆಹಣ್ಣು, ಎಳನೀರು ಒಳ್ಳೆಯದು ಅಂತ ನಾವೇ ಒತ್ತಾಯ ಮಾಡಿ ಕೊಟ್ಟಿದ್ದೆವು. ಅವರಿಗೆ ಈಗ ತರಕಾರಿ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಕೊಡುತ್ತೇವೆ. ನಿಮಗೆಲ್ಲ ಹೇಳೋದು ನೀರು ಚೆಲ್ಲಬೇಡಿ ಅಂತ, ನಮಗೆ ಉಲ್ಟಾ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತಗೊಳ್ಳುವವರೂ ಒಮ್ಮೆಲೇ ಸೊಪ್ಪು ಜಾಸ್ತಿ ಮಾಡಬಾರದು.

ಉಣಕಲ್ ದಂಡೆ · 1:48

ಇದು ಮೇಲೆ ಪಿನ್ ಮಾಡುವ ಮಾತು. ಅಪ್ಪ ಈಗ ಹೇಗಿದ್ದಾರೆ?

ಕಲಘಟಗಿ ದಾರಿ · 1:55

ಆರಾಮ ಇದ್ದಾರೆ. ಬಾಳೆಹಣ್ಣು ಕಂಡರೆ ಮುಖ ತಿರುಗಿಸಿಕೊಳ್ಳುತ್ತಾರೆ, ಸಿಟ್ಟಿಗೆ.

ಮಾಳಮಡ್ಡಿ ಮನೆ · 2:30

ಗಜ್ಜರಿ ಪಚಡಿ ಯಾರೂ ಹೇಳಲಿಲ್ಲ. ತುರಿದ ಗಜ್ಜರಿ, ಶೇಂಗಾ ಪುಡಿ, ಹಸಿಮೆಣಸು, ನಿಂಬೆಹುಳಿ, ಅರ್ಧ ಚಮಚ ಎಣ್ಣೆಯ ಸಾಸಿವೆ ಒಗ್ಗರಣೆ. ಆ ಅರ್ಧ ಚಮಚ ಬಿಡಬೇಡಿ, ಗಜ್ಜರಿಯ ವಿಟಮಿನ್ ಎ ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು. ಸೊಪ್ಪಿಗೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟ ಆದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣ ಹೋಯಿತು. ಒಂದು ತಾಸು ತಡೆಯಿರಿ.

ಹಳೇ ಹುಬ್ಬಳ್ಳಿ ಹುಡುಗ · 2:36

ಹುಬ್ಬಳ್ಳಿಯವರಿಗೆ ಒಂದು ತಾಸು ಚಹಾ ಬೇಡ ಅಂದರೆ ಊರು ಬಿಟ್ಟು ಹೋಗು ಅಂದ ಹಾಗೆ.

ವಿದ್ಯಾನಗರ ಹಾಸ್ಟೆಲ್ · 6:40

ಅಕ್ಕಾರ, ಒಂದು ಅನುಮಾನ. ಯಜಮಾನರು ಸಂಜೆ ಹೊರಗೆ ಗಿರ್ಮಿಟ್ ಮಿರ್ಚಿ ತಿನ್ನೋದು ಲೆಕ್ಕಕ್ಕೆ ಹಿಡಿದಿದ್ದೀರಾ? ದುರ್ಗದಬೈಲಿನಲ್ಲಿ ದಿನಾ ಸಂಜೆ ನಿಂತಿರುವವರೆಲ್ಲ ಯಾರ ಯಜಮಾನರು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಕೇಶ್ವಾಪುರದ ಸೊಸೆ · 6:52

ಕೇಳಿದೆ. "ಅಪರೂಪಕ್ಕೆ" ಅಂದರು. ಅಪರೂಪ ಅಂದರೆ ವಾರಕ್ಕೆ ನಾಲ್ಕು ಸಲ ಅಂತೆ.

ಕೇಶ್ವಾಪುರದ ಸೊಸೆ · ಬುಧವಾರ, ರಾತ್ರಿ 10:05

ಆದದ್ದು ಹೇಳುತ್ತೇನೆ.

ನಿನ್ನೆ ಅತ್ತೆಯವರನ್ನು, "ನೀವು ಒಲೆ ಮೇಲೆ ಎಣ್ಣೆಗಾಯಿ ಮಾಡುವಾಗ ತಾಟಿನ ಮೇಲೆ ನೀರು ಇಡುತ್ತಿದ್ದಿರಾ?" ಅಂತ ಕೇಳಿದೆ. ಅಷ್ಟೇ ಕೇಳಿದ್ದು. ನನ್ನ ಕೈಯಿಂದ ಸೌಟು ಕಸಿದುಕೊಂಡರು. ಇಡೀ ಅಡುಗೆ ಅವರೇ ಮಾಡಿದರು, ನಾನು ತಾಟಿಗೆ ನೀರು ಹಾಕಲಿಕ್ಕೆ ಮಾತ್ರ. ಆದರೆ ಎಣ್ಣೆ ಡಬ್ಬಿ ಎತ್ತಿದಾಗ ನಾನು ಚಮಚ ಮುಂದೆ ಹಿಡಿದೆ. ಒಂದು ಕ್ಷಣ ನನ್ನ ಮುಖ ನೋಡಿದರು. ನಾಲ್ಕು ಚಮಚ ಹಾಕಿದರು. ಮೊದಲು ಎಷ್ಟು ಹಾಕುತ್ತಿದ್ದರೋ ಯಾರೂ ಅಳೆದಿಲ್ಲ, ಆದರೆ ಡಬ್ಬಿಯಲ್ಲಿ ಗೆರೆ ಇಳಿದಿದ್ದು ಕಡಿಮೆ. ಬ್ಯಾಡಗಿ ಅಕ್ಕನ ಗುಟ್ಟು ಹೇಳಲು ಹೋದೆ, "ನನಗ ಗೊತ್ತದ" ಅಂದರು. ಖರೆ ಗೊತ್ತಿತ್ತು. ಉರಿ ಆರಿಸಿಯೇ ಖಾರ ಹಾಕಿದರು.

ತಳ ಹಿಡಿಯಲಿಲ್ಲ. ಕಾಯಿ ಬೆಣ್ಣೆಯ ಹಾಗೆ ಬೆಂದಿತ್ತು.

ಬುಟ್ಟಿಯಲ್ಲಿ ಸವತಿಕಾಯಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಇಟ್ಟೆ. ಮಗಳು ಮೂಲಂಗಿ ಮುಟ್ಟಲಿಲ್ಲ, ಮಗ ಸವತಿಕಾಯಿ ಎರಡು ತಿಂದ. ಯಜಮಾನರು ನಾಲ್ಕರ ಬದಲು ಮೂರು ರೊಟ್ಟಿಗೆ ಎದ್ದರು, ಹೊಟ್ಟೆ ತುಂಬಿತು ಅಂದರು. ಹಿಂಡಿ ಕೇಳಿದರು, ಮೊಸರು ಹಾಕಿ ಕೊಟ್ಟೆ. ಮುಖ ಸ್ವಲ್ಪ ಸಪ್ಪಗಾಯಿತು, ತಿಂದರು.

ಅತ್ತೆ ತಾಟು ತೊಳೆಯುವಾಗ ಒಂದು ಮಾತು ಅಂದರು. "ಬುಟ್ಟಿ ಇಟ್ಟಿ, ಚಲೋ ಆತು. ಹಕ್ಕರಕಿ ಇಲ್ಲದ ಅದೇನ ಬುಟ್ಟಿ?"

ಈಗ ಹೇಳಿ, ಹುಬ್ಬಳ್ಳಿಯಲ್ಲಿ ಹಕ್ಕರಕಿ ಎಲ್ಲಿ ಸಿಗುತ್ತದೆ?

ಮುಂಡರಗಿ ಮಲ್ಲಿಗೆ · 10:09

ಹತ್ತರಕಿ.

ಸಂತಿಚೀಲ · 10:14

ಈಗ ಸಿಗಲ್ಲ ತಂಗಿ. ಹಿಂಗಾರಿ ಜೋಳ ಮೊಳಕಾಲುದ್ದ ಆಗಲಿ. ಆಮೇಲೆ ಮಂಗಳವಾರ ಧಾರವಾಡ ಸಂತೆಗೆ ಬೆಳಿಗ್ಗೆ ಹತ್ತರೊಳಗೆ ಬಾ. ಗೋಣಿಚೀಲ ಹಾಸಿಕೊಂಡು ಕೂತ ಅಜ್ಜಿಯರ ಹತ್ತಿರ ನಾಲ್ಕೇ ಹಿಡಿ ಇರುತ್ತದೆ. ಅತ್ತೆಯವರನ್ನೂ ಕರೆದುಕೊಂಡು ಬಾ, ಆರಿಸೋದು ಅವರಿಗೇ ಗೊತ್ತು.